ಮೂರು ಮೆಟ್ಟಿಲು

ನಮ್ಮ ಚಿತ್ರದುರ್ಗದ ಮುಖ್ಯ ರಸ್ತೆಯಲ್ಲಿ ಒಂದು ಹಳೇ ಜವಳಿ ಅಂಗಡಿ ಇದೆ. ಅಪ್ಪನ ಕೈ ಹಿಡಿದು ಯೂನಿಫಾರಂ ಬಟ್ಟೆಗೆ ಹೋಗುತ್ತಿದ್ದ ಕಾಲದಲ್ಲಿ ಮೂರು ಮೆಟ್ಟಿಲು ಹತ್ತಿ ಒಳಗೆ ಹೋಗಬೇಕಿತ್ತು. ಮೊನ್ನೆ ಮಗಳಿಗೆ ಯೂನಿಫಾರಂ ತರೋಕೆ ಹೋದೆ. ಎರಡು ಮೆಟ್ಟಿಲು ಇಳಿದು ಹೋದೆ. ಅಂಗಡಿ ಇದ್ದಲ್ಲೇ ಇದೆ. ರಸ್ತೆ ಬೆಳೆದಿದೆ.

ಊರು ಬೆಳೆದಿದೆ ಅಂತ ಭಾಷಣದಲ್ಲಿ ಹೇಳುತ್ತಾರಲ್ಲ, ಸುಳ್ಳಲ್ಲ. ಅಳತೆಪಟ್ಟಿ ಹಿಡಿದು ನೋಡಬಹುದು.

ಬೆಟ್ಟದ ಬುಡದ ಚಂದ್ರವಳ್ಳಿಯಲ್ಲಿ ಅಗೆದಾಗ ಶಾತವಾಹನರ ನಾಣ್ಯ ಸಿಕ್ಕಿದೆ, ರೋಮಿನ ನಾಣ್ಯವೂ ಸಿಕ್ಕಿದೆ. 1947ರಲ್ಲಿ ಪುರಾತತ್ವ ಇಲಾಖೆಯ ವ್ಹೀಲರ್ ಸಾಹೇಬರು ಅಲ್ಲಿ ಪದರ ಪದರವಾಗಿ ಅಗೆಸಿ ಕಾಲ ಗುರುತಿಸಿದರು. ಮುಂದೊಂದು ದಿನ ಯಾರಾದರೂ ನಮ್ಮ ರಸ್ತೆಯನ್ನೂ ಹಾಗೇ ಅಗೆದಾರು. ತಳದಲ್ಲಿ ಎತ್ತಿನ ಗಾಡಿಯ ಪದರ: ಲಾಳ, ಶೇಂಗಾ ಸಿಪ್ಪೆ. ಅದರ ಮೇಲೆ ಪೂನಾ-ಬೆಂಗಳೂರು ಲಾರಿಗಳ ಪದರ. ಬೈಪಾಸ್ ಆಗೋ ಮೊದಲು ಅವೆಲ್ಲ ಊರೊಳಗೇ ಹಾಯ್ದು ಹೋಗುತ್ತಿದ್ದವು. ಆಮೇಲಿನದು ಪೂರ್ತಿ ಎಲೆಕ್ಷನ್ ಯುಗ. ಐದು ವರ್ಷಕ್ಕೊಂದು ದಪ್ಪ ಪದರ, ನಡುವೆ ಮಂತ್ರಿಗಳು ಬಂದಾಗಲೆಲ್ಲ ಒಂದೊಂದು ತೆಳು ಪದರ. ತೆಳು ಪದರ ಮೊದಲ ಮಳೆಗೇ ಕಿತ್ತು ಹೋಗೋದರಿಂದ ಸಂಶೋಧಕರಿಗೆ ಸ್ವಲ್ಪ ಕಷ್ಟ.

1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆ ಆಯಿತು. ಅಣ್ಣತಮ್ಮಂದಿರ ಪಾಲು ಅಂದಮೇಲೆ ಇದ್ದದ್ದೇ. ಬೆಣ್ಣೆದೋಸೆ ಅವರಿಗೆ ಹೋಯಿತು, ಟಾರು ನಮಗೆ ಉಳಿಯಿತು.

ಹಳೇ ಟಾರು ಕೆರೆದು ತೆಗೆದು, ಆಮೇಲೆ ಹೊಸದು ಹಾಕಿದರೆ ರಸ್ತೆ ಏರೋದಿಲ್ಲ. ಕೆರೆಯೋಕೆ ಮಿಷಿನ್ ಕೂಡ ಇದೆ. ಆದರೆ ಕೆರೆದದ್ದು ಯಾರ ಕಣ್ಣಿಗೂ ಬೀಳೋದಿಲ್ಲ, ಹಾಕಿದ್ದು ಕರ್ರಗೆ ಮಿರಮಿರ ಮಿಂಚುತ್ತದೆ. ಗುದ್ದಲಿ ಪೂಜೆ ಫೋಟೋಗೆ ಯಾವುದು ಚೆನ್ನ, ನೀವೇ ಹೇಳಿ. ರಸ್ತೆ ಏರಿದ ಮೇಲೆ ಡಿವೈಡರ್ ಗಿಡ್ಡ ಆಗುತ್ತದೆ, ಅದನ್ನೂ ಎತ್ತರಿಸುತ್ತಾರೆ. ಆಮೇಲೆ ಚರಂಡಿ. ಅಂಗಡಿ ಮಾತ್ರ ಯಾರ ಟೆಂಡರಿನಲ್ಲೂ ಬರೋದಿಲ್ಲ.

ಮಳೆ ಬಂದಾಗ ನೋಡಬೇಕು. ಪಾಳೆಯಗಾರರ ಕಾಲದಲ್ಲಿ ಇಂಜಿನಿಯರಿಂಗ್ ಕಾಲೇಜು ಇರಲಿಲ್ಲ, ಪಾಪ. ಬೆಟ್ಟದ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ ಇಳಿಯೋ ಹಾಗೆ ಮಾಡಿಟ್ಟು ಹೋದರು. ನೀರು ಇಳಿಜಾರಿಗೆ ಹರಿಯುತ್ತದೆ ಅನ್ನೋ ಹಳೇ ಕಾಲದ ನಂಬಿಕೆ. ಆ ಸಾಲಿಗೆ ನಾವೂ ಒಂದು ಸೇರಿಸಿದ್ದೇವೆ: ಜವಳಿ ಹೊಂಡ. ಹದಿನೈದು ನಿಮಿಷದ ಮಳೆ ಸಾಕು, ಕೆಳಗಿನ ಕಪಾಟಿನ ಲುಂಗಿಗಳಿಗೆ ಗಂಗಾಸ್ನಾನ. ಬರಗಾಲದ ಜಿಲ್ಲೆ ಅಂತ ಹೆಸರು ಬೇರೆ.

ಸಾವ್ಕಾರರು ಸುಮ್ನೆ ಕೂತಿಲ್ಲ. ಬಾಗಿಲಿಗೆ ಅಡ್ಡ ಒಂದಡಿ ಕಟ್ಟೆ ಕಟ್ಟಿಸಿದರು. ನೀರು ತಡೆಯೋಕೆ ಒಳಗಿನ ನೆಲವನ್ನೂ ಒಂದಡಿ ಏರಿಸಿದರು. ಈಗ ಫ್ಯಾನು ತಲೆಗೆ ಹತ್ತಿರ ಬಂದಿದೆ. ಅದಕ್ಕೆ ಫ್ಯಾನು ಬಿಚ್ಚಿಸಿ ಮೂಲೆಯಲ್ಲಿ ಟೇಬಲ್ ಫ್ಯಾನು ಇಟ್ಟಿದ್ದಾರೆ.

“ಮನವಿ ಕೊಟ್ರಾ?” ಅಂತ ಕೇಳಿದೆ.

“ಕೊಟ್ಟೆ. ಬಂದು ನೋಡಿದ್ರು. ನಿಮ್ಮ ಅಂಗಡಿ ರಸ್ತೆಗಿಂತ ತಗ್ಗಿಗೆ ಕಟ್ಟಿದೀರ, ಪ್ಲಾನ್ ತೋರಿಸಿ ಅಂದ್ರು.”

ಬಾಗಿಲ ಮೇಲೆ ಈಗ ಒಂದು ರಟ್ಟು ತೂಗುತ್ತಿದೆ: ‘ತಲೆ ಬಗ್ಗಿಸಿ ಬನ್ನಿ’. ನಾನೂ ತಲೆ ಬಗ್ಗಿಸಿ, ಮೈ ಕುಗ್ಗಿಸಿ, ಕಟ್ಟೆ ದಾಟಿ ಒಳಗೆ ಇಳಿಯುತ್ತಿದ್ದೆ. ಕತ್ತೆತ್ತಿ ನೋಡಿದರೆ ಎದುರಿಗೇ ಸಾವ್ಕಾರರ ಹೆಂಡತಿ, ಕೈಯಲ್ಲಿ ಬಟ್ಟೆ ಅಳೆಯೋ ಕಬ್ಬಿಣದ ಕಡ್ಡಿ. ಕೋಟೆಯ ಕಿಂಡಿ ನೆನಪಾಯಿತು. “ಅಮ್ಮಾ, ಗಿರಾಕಿ ನಾನು” ಅಂತ ಮೊದಲೇ ಹೇಳಿಬಿಟ್ಟೆ.