ಒಂದು ಗುಳ್ಳಿ, ಊರ ತುಂಬ ಡಾಕ್ಟರು

ರಾಯಚೂರಿನಲ್ಲಿ ಮೊಡವೆ ಎದ್ದವರಿಗೆ ಕನ್ನಡಿ ಬೇಕಾಗುವುದಿಲ್ಲ. ಓಣಿಗೆ ಕಾಲಿಟ್ಟರೆ ಸಾಕು, ಕಟ್ಟೆ ಮೇಲೆ ಕುಂತವರು ಕೂಗಿ ಕೇಳುತ್ತಾರೆ: "ಏನವಾ, ಮಾರಿಗೇನಾಗ್ಯಾದ?" ಉತ್ತರ ಕೇಳುವ ಪುರುಸೊತ್ತು ಯಾರಿಗೂ ಇಲ್ಲ, ಮದ್ದು ಮೊದಲೇ ತಯಾರು. "ಲಿಂಬಿಹಣ್ಣು ತಿಕ್ಕು, ಎರಡ ದಿನಕ್ಕ ಹೋಗ್ತದ." "ಲಿಂಬಿ ಬ್ಯಾಡ, ಪೇಸ್ಟ್ ಹಚ್ಚು." "ನಮ್ಮ ಅಕ್ಕನ ಮಗಳು ಒಂದು ಟ್ಯೂಬ್ ಹಚ್ತಾಳ, ಹೆಸರು ಕೇಳಿ ಹೇಳ್ತೀನಿ ತಡಿ." ಸಂಜೆ ಹೊತ್ತಿಗೆ ಮೂರೂ ಮುಖದ ಮೇಲಿರುತ್ತವೆ. ಸುಮ್ಮನೆ ಬಿಟ್ಟಿದ್ದರೆ ವಾರ-ಹತ್ತು ದಿನದಲ್ಲಿ ಬಾಡುತ್ತಿದ್ದ ಗುಳ್ಳೆ, ತಿಂಗಳುಗಟ್ಟಲೆ ಕೆಂಪಗೆ ಠಿಕಾಣಿ ಹೂಡುತ್ತದೆ.

ಆ ಕೆಂಪಿಗೆ ಕಾರಣ ಹೊಲಸಲ್ಲ. ಕೂದಲ ಬುಡದ ರಂಧ್ರ ಜಿಡ್ಡಿನಿಂದಲೂ ಸತ್ತ ಚರ್ಮದಿಂದಲೂ ಕಟ್ಟಿಕೊಂಡು, ಒಳಗೆ ಬ್ಯಾಕ್ಟೀರಿಯಾ ಹೆಚ್ಚಿದಾಗ ದೇಹ ಅಲ್ಲಿಗೆ ರಕ್ತ ನುಗ್ಗಿಸುತ್ತದೆ. ಮೇಲಿಂದ ತಿಕ್ಕಿ, ಸುಟ್ಟು, ಹಿಂಡಿದಷ್ಟೂ ರಕ್ತನಾಳಗಳು ಹಿಗ್ಗಿಕೊಂಡೇ ಇರುತ್ತವೆ. ನಮ್ಮ ಕಡೆಯ ಮೈಬಣ್ಣದಲ್ಲಿ ಅದು ಮೊದಲು ಕಂದುಗೆಂಪಾಗಿ, ಆಮೇಲೆ ಕಪ್ಪು ಕಲೆಯಾಗಿ ಉಳಿಯುತ್ತದೆ. ಆಗ ಕಟ್ಟೆ ಮೇಲಿನವರು ಕಲೆಗೆ ಬೇರೆ ಮದ್ದು ಹೇಳುತ್ತಾರೆ. ಅದೂ ಲಿಂಬಿಹಣ್ಣೇ.

ಪಿಎಚ್ ಅಂದರೆ ಹುಳಿ-ಕ್ಷಾರದ ಅಳತೆ, 7ಕ್ಕಿಂತ ಇಳಿದಷ್ಟೂ ಹುಳಿ, ಏರಿದಷ್ಟೂ ಕ್ಷಾರ. ಚರ್ಮದ ಪಿಎಚ್ ಸುಮಾರು 5, ಲಿಂಬೆರಸದ್ದು 2ರಿಂದ 3. ಉರಿ ಹತ್ತಿದರೆ "ಕೆಲಸ ಮಾಡಾಕತ್ತದ" ಎಂದು ಖುಷಿಪಡುವವರಿದ್ದಾರೆ. ಸುಡುವುದೇ ಅದರ ಕೆಲಸ. ಅದಕ್ಕಿಂತ ದೊಡ್ಡ ಅಪಾಯ ಬಿಸಿಲಿನಲ್ಲಿದೆ. ಲಿಂಬೆಯಲ್ಲಿರುವ ಫ್ಯುರೋಕೌಮರಿನ್ ಎಂಬ ವಸ್ತು ಚರ್ಮದ ಮೇಲಿದ್ದು ಬಿಸಿಲು ಬಿತ್ತೆಂದರೆ ಸುಟ್ಟ ಗಾಯದಂಥ ಬೊಬ್ಬೆ ಏಳುತ್ತದೆ, ಕಪ್ಪು ಪಟ್ಟೆ ಉಳಿಯುತ್ತದೆ. ಲಿಂಬೆ ತಿಕ್ಕಿಕೊಂಡು ಮೇ ತಿಂಗಳ ಮಧ್ಯಾಹ್ನ ತೀನ್ ಕಂದೀಲ್ ಕಡೆ ಸಂತೆಗೆ ಹೊರಟವರಿಗೆ ಇಷ್ಟು ಗೊತ್ತಿರುವುದು ಒಳ್ಳೆಯದು. ಪೇಸ್ಟಿನ ಕಥೆ ಚಿಕ್ಕದು: ಮೆಂಥಾಲ್ ತಣ್ಣಗೆನಿಸುತ್ತದೆ, ನೊರೆ ಬರಿಸುವ ರಾಸಾಯನಿಕ ಚರ್ಮವನ್ನು ಒಣಗಿಸಿ ಸುಲಿಯುತ್ತದೆ. ಹಲ್ಲಿಗೆ ಚರ್ಮವಿಲ್ಲದ್ದರಿಂದ ಅದಕ್ಕೆ ಈ ತಕರಾರಿಲ್ಲ.

ಇನ್ನು ತೊಳೆಯುವುದು. ಮೊಡವೆ ಎದ್ದ ದಿನದಿಂದ ಮುಖಕ್ಕೆ ದಿನಕ್ಕೆ ಆರು ಸಲ ಸೋಪು ಶುರುವಾಗುತ್ತದೆ. ಸಾಮಾನ್ಯ ಸೋಪಿನ ಪಿಎಚ್ 9ರಿಂದ 10. ಜೊತೆಗೆ ಬೋರ್‌ವೆಲ್ ನೀರು. ನಲ್ಲಿ ಬಾಯಿಗೆ, ಬಕೆಟ್ಟಿನ ಒಳಗೆ ಬಿಳಿ ಪೊರೆ ಕಟ್ಟಿದೆಯೆಂದರೆ ಅದು ಗಡಸು ನೀರು. ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಗಷ್ಟಾಗಿ ಚರ್ಮದ ಮೇಲೆ ಕೂರುತ್ತದೆ. ಜಿಡ್ಡು ಇನ್ನೂ ಹೋಗಿಲ್ಲವೆಂದು ಮತ್ತೆ ಸೋಪು ಹಚ್ಚುತ್ತಾರೆ. ತಾರಸಿ ಮೇಲಿನ ಕರಿ ಟ್ಯಾಂಕ್ ಬೇಸಿಗೆಯಲ್ಲಿ ಪುಕ್ಕಟೆ ಗೀಸರ್ ಬೇರೆ. ಕಾದ ನೀರು ಕೆಂಪಾದ ಮುಖವನ್ನು ಇನ್ನಷ್ಟು ಕೆಂಪು ಮಾಡುತ್ತದೆ. ಬೆಳಿಗ್ಗೆಯೇ ಒಂದು ಬಕೆಟ್ ನೀರು ನೆರಳಿಗಿಟ್ಟುಕೊಳ್ಳಿ. ಸೋಪಿಲ್ಲದ ಫೇಸ್‌ವಾಶ್ ದಿನಕ್ಕೆ ಎರಡು ಸಲ, ಅರ್ಧ ನಿಮಿಷ, ಬೆರಳ ತುದಿಯಿಂದ. ಒರೆಸುವಾಗ ಟವೆಲ್ ಒತ್ತಿ ತೆಗೆಯಬೇಕು, ಪಾತ್ರೆ ತಿಕ್ಕುವ ಹುರುಪು ಬೇಡ.

ಸಕ್ಕರೆ ಸ್ಕ್ರಬ್, ಒರಟು ಕಡ್ಲಿಹಿಟ್ಟು, ಬಿರುಕು ಬಿಡುವವರೆಗೆ ಒಣಗಿಸಿದ ಮುಲ್ತಾನಿ ಮಿಟ್ಟಿ, ಇವೆಲ್ಲ ಅದೇ ಜಾತಿ. ಉಗುರಿನಿಂದ ಹಿಂಡುವುದು ಇವೆಲ್ಲದರ ಹಿರಿಯಣ್ಣ. ಹೊರಗೆ ಬಂದ ಕೀವು ಕಣ್ಣಿಗೆ ಕಾಣುತ್ತದೆ. ರಂಧ್ರದ ಗೋಡೆ ಒಡೆದು ಒಳಗೆ ಹರಿದದ್ದು ಕಾಣುವುದಿಲ್ಲ. ಮರುದಿನ ಗುಳ್ಳೆ ಎರಡುಪಟ್ಟು ಊದಿದಾಗ ಬೈಗುಳ ತಿನ್ನುವುದು ಹಿಂದಿನ ದಿನ ತಿಂದ ಮಿರ್ಚಿ.

ಪಾಪ, ಮಿರ್ಚಿ. ಕರಿದದ್ದು ತಿಂದರೆ ಮೊಡವೆ ಏಳುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಖಾರಕ್ಕೆ ಮುಖ ಸ್ವಲ್ಪ ಹೊತ್ತು ಕೆಂಪೇರಿ ಇಳಿಯುತ್ತದೆ, ಅಷ್ಟೇ. ಸಕ್ಕರೆ, ಮೈದಾ, ಹಾಲಿನ ಮೇಲೆ ಅದಕ್ಕಿಂತ ಹೆಚ್ಚಿನ ಅನುಮಾನವಿದೆ. ಆದರೂ ಮನೆಯಲ್ಲಿ ಒಗ್ಗರಣಿ-ಮಿರ್ಚಿ ಬಿಡಿಸಿ, ಸಕ್ಕರೆ ಸುರಿದ ಚಹಾ ಮಾತ್ರ ಕೈಗಿಡುತ್ತಾರೆ. ಮಿರ್ಚಿ ಮುರಿದ ಕೈಯಿಂದ ಗುಳ್ಳೆ ಮುಟ್ಟಿದರೆ ಉರಿಯುವುದು ಖರೆ. ಮೆಣಸಿನ ಖಾರ ಬರೀ ನೀರಿಗೆ ಹೋಗುವುದಿಲ್ಲ, ಕೈಗೆ ಸೋಪು ಬೇಕು. ಸೋಪು ಬೇಕಾದ ಜಾಗ ಅದು.

ನಗಲಾಗದ ಸಂಗತಿ ಅಕ್ಕನ ಮಗಳ ಟ್ಯೂಬು. ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವ ಇಂಥ ಕ್ರೀಮುಗಳಲ್ಲಿ ಬಹಳಷ್ಟು ಸಲ ಸ್ಟಿರಾಯ್ಡ್, ಅಂದರೆ ಊತ-ಕೆಂಪನ್ನು ಬೇಗ ಅಡಗಿಸುವ ಔಷಧಿ, ಇರುತ್ತದೆ. ಬೀಟಾಮೆಥಸೋನ್, ಮೊಮೆಟಸೋನ್, ಕ್ಲೋಬೆಟಸಾಲ್ ಎಂಬ ಹೆಸರು ಸಣ್ಣಕ್ಷರದಲ್ಲಿ ಇದೆಯೇ ನೋಡಿ. ಮೊದಲ ವಾರ ಕೆಂಪು ಮಾಯ, ಮುಖ ಬೆಳ್ಳಗೆ, ಓಣಿಯಲ್ಲೆಲ್ಲ ಅದೇ ಸುದ್ದಿ. ಆಮೇಲೆ ಚರ್ಮ ತೆಳುವಾಗಿ ರಕ್ತನಾಳಗಳು ಕಾಣುತ್ತವೆ, ಗಲ್ಲದ ಮೇಲೆ ಕೂದಲು ಬರುತ್ತದೆ, ಹೊಸ ಮೊಡವೆ ಗುಂಪಾಗಿ ಏಳುತ್ತವೆ. ಹಚ್ಚುವುದು ನಿಲ್ಲಿಸಿದರೆ ಮುಖವೆಲ್ಲ ಕೆಂಪಾಗಿ ಉರಿಯುತ್ತದೆ. ಉರಿ ತಾಳದೆ ಮತ್ತೆ ಅದನ್ನೇ ಹಚ್ಚುತ್ತಾರೆ. 2018ರಲ್ಲಿ ಸರ್ಕಾರ ಹಚ್ಚುವ ಸ್ಟಿರಾಯ್ಡ್‌ಗಳನ್ನು ಡಾಕ್ಟರ ಚೀಟಿ ಕಡ್ಡಾಯವಿರುವ ಪಟ್ಟಿಗೆ ಸೇರಿಸಿತು. ಅಂಥ ಟ್ಯೂಬಿನ ಮೇಲೆ ಕೆಂಪು ಗೆರೆ ಇರುತ್ತದೆ. ಅಲ್ಲಿ ಅದನ್ನು ಓದದವರು ತಿಂಗಳೊಪ್ಪತ್ತಿನಲ್ಲಿ ಗಲ್ಲದ ಮೇಲೆ ಓದುತ್ತಾರೆ. ಈಗಾಗಲೇ ಹಚ್ಚುತ್ತಿರುವವರು ತಾವೇ ಪ್ರಯೋಗ ಮಾಡದೆ ಚರ್ಮದ ಡಾಕ್ಟರ ಹತ್ತಿರ ಹೋಗಬೇಕು. ಊರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ಗೆ ಹೋದರೂ ಆದೀತು. ಒಳಗೆ ಗಂಟಾಗಿ ನೋಯುವ ಮೊಡವೆಗೂ, ಗುಳಿ ಬೀಳುತ್ತಿರುವ ಮುಖಕ್ಕೂ ಅದೇ ದಾರಿ.

ಸಾಧಾರಣ ಮೊಡವೆಗೆ ಎರಡು ಮದ್ದು ಚೆನ್ನಾಗಿ ಪರೀಕ್ಷೆಗೊಳಗಾಗಿವೆ. ರಾತ್ರಿ ಅಡಾಪಲೀನ್ 0.1%, ಇಡೀ ಮುಖಕ್ಕೆ ಒಂದು ಕಡಲೆಕಾಳಿನಷ್ಟು, ಮೊದಲು ದಿನ ಬಿಟ್ಟು ದಿನ, ಗರ್ಭಿಣಿಯರು ಹಚ್ಚಬಾರದು. ಇನ್ನೊಂದು ಬೆಂಜಾಯಿಲ್ ಪೆರಾಕ್ಸೈಡ್ 2.5%. 10% ತಂದರೆ ನಾಲ್ಕುಪಟ್ಟು ಗುಣವಾಗುವುದಿಲ್ಲ, ಉರಿ ಮಾತ್ರ ಹೆಚ್ಚು. ಎರಡನ್ನೂ ಒಂದೇ ದಿನ ಶುರು ಮಾಡಬೇಡಿ. ಜೊತೆಗೆ ಜಿಡ್ಡಿಲ್ಲದ ಮಾಯಿಶ್ಚರೈಸರ್, ಬೆಳಿಗ್ಗೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಎರಡು ಬೆರಳುದ್ದ. ಮೊದಲ ವಾರಗಳಲ್ಲಿ ಸ್ವಲ್ಪ ಒಣಗಿ ಕೆಂಪಾಗಬಹುದು, ಫಲ ಕಾಣಲು 8ರಿಂದ 12 ವಾರ ಬೇಕು. ಅಷ್ಟು ದಿನ ಕಟ್ಟೆಯ ಸಲಹೆಗಳಿಗೆ "ಹೂಂ" ಅನ್ನುತ್ತ ಮುಂದೆ ಹೋಗುವುದೇ ಚಿಕಿತ್ಸೆಯ ಕಷ್ಟದ ಭಾಗ.

ಬೆಂಜಾಯಿಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣ ತಿನ್ನುತ್ತದೆ. ದಿಂಬಿಗೆ ಬಿಳಿ ಕವರ್ ಹಾಕಿ, ಟವೆಲ್ಲೂ ಬಿಳಿಯದೇ ಇರಲಿ. ಅವಸರದಲ್ಲಿ ಅವ್ವನ ಇಳಕಲ್ ಸೀರೆಯ ಸೆರಗಿಗೆ ಮಾರಿ ಒರೆಸಿದರೆ, ಮೊಡವೆಯ ಕೆಂಪು ಇಳಿಯುವ ಮೊದಲೇ ಸೆರಗಿನ ಕೆಂಪು ಇಳಿದಿರುತ್ತದೆ.