ಎರಡೂ ಎಡಗೈ

ದಸರೆಗೆ ಹದಿನೈದು ದಿನವಿರುವಾಗ ದರ್ಜಿಯ ಮುಂದೆ ಬಟ್ಟೆ ಹಿಡಿದು ನಿಲ್ಲುವುದೂ ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಸಾಲಿನಲ್ಲಿ ನಿಲ್ಲುವುದೂ ಒಂದೇ. ನನ್ನ ಸರದಿ ಬಂದಾಗ ನಮ್ಮ ದರ್ಜಿ ತಲೆ ಎತ್ತದೆ, “ದೀಪಾವಳಿಗೆ ಕೊಡಲೇ?” ಎಂದರು. ನನಗೆ ರೋಷ ಉಕ್ಕಿತು. ಮನೆಯಲ್ಲಿ ಅಮ್ಮನ ಹೊಲಿಗೆ ಯಂತ್ರವಿದೆ, ತುಳಿಯಲು ನನಗೆ ಕಾಲಿವೆ. ಒಂದು ಅಂಗಿಗೆ ಇಷ್ಟು ದೈನ್ಯವೇಕೆ?

ಬಟ್ಟೆ ಶಿವರಾಂಪೇಟೆಯಲ್ಲಿ ಕೊಂಡದ್ದು. ನೀಲಿ ಹತ್ತಿಯ ಮೇಲೆ ಬೆರಳುದ್ದದ ಬಿಳಿ ಆನೆಗಳು, ಎರಡೂಕಾಲು ಮೀಟರ್. ಎರಡೂವರೆ ಇರಲಿ ಎಂದು ಅಂಗಡಿಯವರು ಹೇಳಿದ್ದನ್ನು ವ್ಯಾಪಾರದ ಜಾಣತನವೆಂದು ತಳ್ಳಿಹಾಕಿದ್ದೆ. ಹತ್ತಿ ಕುಗ್ಗುತ್ತದೆ, ಕತ್ತರಿಸುವ ಮುಂಚೆ ನೆನೆಹಾಕು ಎಂಬ ಅಮ್ಮನ ಮಾತನ್ನು ಮಾತ್ರ ಪಾಲಿಸಿದೆ. ಅದೇ ಬಕೆಟ್ಟಿನಲ್ಲಿದ್ದ ನನ್ನ ಎರಡು ಬನಿಯನ್ನುಗಳು ಈಗ ತಿಳಿನೀಲಿ.

ಹಳೆಯ ಅಂಗಿಯೊಂದನ್ನು ಬಿಚ್ಚಿ, ತುಂಡುಗಳನ್ನು ದಿನಪತ್ರಿಕೆಯ ಮೇಲಿಟ್ಟು, ಹೊಲಿಗೆಗೆಂದು ಅರ್ಧ ಇಂಚು ಬಿಟ್ಟು ಗೆರೆ ಎಳೆದೆ. ಬೆನ್ನು, ಎದೆ, ಕಾಲರ್ ಎಲ್ಲ ಸಲೀಸಾಗಿ ಮುಗಿದವು. ಕೆಟ್ಟದ್ದು ತೋಳಿನಲ್ಲಿ. ತೋಳಿನ ತಲೆ ಎರಡೂ ಬದಿಗೆ ಒಂದೇ ಸಮ ಇರುವುದಿಲ್ಲ, ಮುಂದಿನ ಮಗ್ಗುಲು ತುಸು ಹೆಚ್ಚು ತಗ್ಗಾಗಿರುತ್ತದೆ. ಆದ್ದರಿಂದ ಬಟ್ಟೆಯನ್ನು ಮಡಚಿ ಎರಡನ್ನೂ ಒಟ್ಟಿಗೆ ಕತ್ತರಿಸಬೇಕು, ಇಲ್ಲವೇ ಎರಡನೆಯ ಸಲ ಕಾಗದವನ್ನು ಮಗುಚಬೇಕು. ಮಡಚಲು ಬಟ್ಟೆ ಉಳಿದಿರಲಿಲ್ಲ. ಕಾಗದದ ಒಂದು ಮಗ್ಗುಲಲ್ಲಿ ಜಂಬೂಸವಾರಿಯ ಬಣ್ಣದ ಚಿತ್ರವಿತ್ತು. ನೋಡಲು ಚೆನ್ನಾಗಿದೆಯೆಂದು ಎರಡು ಸಲವೂ ಅದನ್ನೇ ಮೇಲಿಟ್ಟು ಕತ್ತರಿಸಿದೆ.

ಎರಡೂ ಎಡಗೈ.

ಅದು ಬರೀ ಬಿಳಿ ಬಟ್ಟೆಯಾಗಿದ್ದರೆ ಒಂದನ್ನು ಮಗುಚಿ ಹೊಲಿದು ಸುಮ್ಮನಿರಬಹುದಿತ್ತು. ಅಚ್ಚಿನ ಬಟ್ಟೆಗೆ ಒಳಮೈ ಬೇರೆ, ಹೊರಮೈ ಬೇರೆ. ಅಂಗಡಿಗೆ ಓಡಿದೆ. “ಆನೆ ಮುಗಿಯಿತು ಸಾರ್, ಒಂಟೆ ಇದೆ” ಎಂದರು. ಮರಳಿ ಬಂದು ಬಲತೋಳನ್ನು ಒಳಮೈ ಹೊರಗೆ ಮಾಡಿಯೇ ಜೋಡಿಸಿದೆ. ಎಡತೋಳಿನಲ್ಲಿ ಆನೆಗಳು ಬಿಸಿಲಿಗೆ ನಿಂತಂತಿದ್ದವು. ಬಲತೋಳಿನವು ಧನುರ್ಮಾಸದ ಮಂಜಿನಲ್ಲಿ ಬೆಟ್ಟ ಹತ್ತುತ್ತಿದ್ದವು. ಅಮ್ಮ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದಳು.

ಕಾಜಾ ಹಾಕಿಸಲು ಅಗ್ರಹಾರದ ಕಡೆಗೆ ಹೋದೆ. ಗಂಡಸರ ಅಂಗಿಗೆ ಕಾಜಾ ಎಡಗಡೆ, ಗುಂಡಿ ಬಲಗಡೆ. ನಾನೋ ಅಂಗಿ ತೊಟ್ಟು, ಕನ್ನಡಿಯೊಳಗೆ ನಿಂತಿದ್ದವನ ಎಡವನ್ನು ನೋಡಿಕೊಂಡು ಸೀಮೆಸುಣ್ಣದ ಗುರುತು ಹಾಕಿದ್ದೆ. ಕಾಜಾದವರು ಕೇಳಿದರು, “ಹೆಂಗಸರದ್ದೇ?”

ತಪ್ಪು ಒಪ್ಪಿಕೊಳ್ಳಲು ಅದು ಸಕಾಲವಾಗಿತ್ತು. “ಹೌದು, ಹೆಂಡತಿಗೆ” ಎಂದುಬಿಟ್ಟೆ. ಏಳು ಕಾಜಾ ಐದು ನಿಮಿಷದಲ್ಲಿ ಮುಗಿದವು.

ಹಾಗಾಗಿ ದಸರೆಯ ದೀಪ ನೋಡಲು ಹೊರಟಾಗ ಅಂಗಿ ಹೆಂಡತಿಯ ಮೈಮೇಲಿತ್ತು. ತೋಳು ಉದ್ದವಾಯಿತೆಂದು ಅವಳು ಮಡಚಿದಳು. ಬಲಗೈಯ ಮಂಜಿನೊಳಗಿಂದ ನಾಲ್ಕು ಆನೆಗಳು ಬೆಳ್ಳಗೆ ಹೊರಬಂದವು, ಎಡಗೈಯವು ಮಂಜಿಗೆ ಸರಿದವು. ಗೇಟಿನ ಬಳಿ ನೆರೆಮನೆಯಾಕೆ ತಡೆದು, ಅಂಗಿಯನ್ನು ಮೇಲಿಂದ ಕೆಳಗೆ ನೋಡಿ, “ಎಲ್ಲಿ ಹೊಲಿಸಿದಿರಿ?” ಎಂದು ಕೇಳಿದರು. ಹೆಂಡತಿ ಒಂದಿಷ್ಟೂ ತಡವರಿಸದೆ ನಮ್ಮ ದರ್ಜಿಯ ಹೆಸರು ಹೇಳಿದಳು.