ಸ್ವತಂತ್ರ ಸಾಕ್ಷಿ ಬೇಕಾಗಿದೆ

ನಮ್ಮ ಕೊಡಗಿನ ಮದ್ದು ಸೊಪ್ಪಿನ ಹಬ್ಬ ಕಕ್ಕಡ 18ರ ಮಾರನೇ ದಿನ. ಕರೆಂಟ್ ಹೋಗಿ ಮೂರು ದಿನ ಆಗಿತ್ತು. ಫೋನಿನಲ್ಲಿ ಉಳಿದದ್ದು ಶೇಕಡಾ 4 ಚಾರ್ಜ್. ಛತ್ರಿ ಹಿಡಿದು ಪಕ್ಕದ ತೋಟದ ಮಾವನ ಮನೆಗೆ ಹೊರಟೆ. ಮಾವನಿಗೆ ಹೋಂಸ್ಟೇ ಉಂಟು, ಹೋಂಸ್ಟೇಗೆ ಜನರೇಟರ್ ಉಂಟು. ಮಳೆಗಾಲದಲ್ಲಿ ನಮ್ಮ ಓಣಿಯಲ್ಲಿ ಸಂಬಂಧಗಳು ಗಟ್ಟಿಯಾಗುವುದು ಹೀಗೆ.

ಮಾವ ಜಗಲಿಯಲ್ಲಿ ಕಾಗದ ಹರಡಿಕೊಂಡು ಕೂತಿದ್ದರು. ಗಾಳಿಗೆ ಹಾರದಿರಲಿ ಅಂತ ಒಂದೊಂದರ ಮೇಲೂ ಕೋವಿಯ ಒಂದೊಂದು ತೋಟಾ ಇಟ್ಟಿದ್ದರು. ಕೋವಿಗೆ ಅವರಿಗೆ ಲೈಸೆನ್ಸ್ ಬೇಡ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನಿನ) ಹಿಡುವಳಿದಾರರಿಗೂ ಆಯುಧ ಕಾಯ್ದೆಯಲ್ಲಿ ವಿನಾಯಿತಿ ಇದೆ. ಆದರೆ ಅದೇ ಮನೆಯಲ್ಲಿ ಬೆಂಗಳೂರಿನ ಇಬ್ಬರನ್ನು ಮಲಗಿಸಬೇಕು ಅಂದರೆ ಇಷ್ಟು ಕಾಗದ ಬೇಕು.

"ಸುರಕ್ಷತೆಯ ಸರ್ಟಿಫಿಕೇಟ್ ಕೇಳಿದ್ದಾರೆ ಮಾರಾಯ. ಎಂತ ತೊಂದರೆ ಇಲ್ಲ. ರೂಮಿನ ಪ್ಲಾನ್ ಹಾಕಿದ್ದು ನಮ್ಮ ಅಳಿಯ. ನಿಂತು ಕಟ್ಟಿಸಿದ್ದೂ ಅವನೇ. ಗಟ್ಟಿ ಉಂಟು ಅಂತ ಬರೆದುಕೊಟ್ಟದ್ದೂ ಅವನೇ. ಅವನಿಗಿಂತ ಜಾಸ್ತಿ ಬೇರೆ ಯಾರಿಗೆ ಗೊತ್ತಿರ್ತದೆ ಹೇಳು?"

"ಮಾವಾ, ನಿಮ್ಮದು ಅಣುಶಕ್ತಿ ಮಟ್ಟದ ವ್ಯವಸ್ಥೆ" ಅಂದೆ.

ಹೊಗಳಿದೆ ಅಂದುಕೊಂಡರು. ಬೆಲ್ಲದ ಕಾಫಿ ಬಂತು. ಫೋನನ್ನು ಅವರೇ ಚಾರ್ಜಿಗೆ ಹಾಕಿದರು.

ನಾನು ಸುಮ್ನೆ ಹೇಳಿದ್ದಲ್ಲ. ನಮ್ಮ ರಾಜ್ಯದ ಕೈಗಾದಲ್ಲಿ ಈಗ 220 ಮೆಗಾವಾಟಿನ ನಾಲ್ಕು ಭಾರಜಲ ರಿಯಾಕ್ಟರ್ ಇವೆ. ಮುಂದೆ ಬರುವ 5 ಮತ್ತು 6ನೇ ಘಟಕ 700 ಮೆಗಾವಾಟಿನವು. 2017ರಲ್ಲಿ ಕೇಂದ್ರ ಸಂಪುಟ ಇಂಥ 10 ಘಟಕಗಳಿಗೆ ಒಂದೇ ಏಟಿಗೆ ಒಪ್ಪಿಗೆ ಕೊಟ್ಟಿತ್ತು. ಗುಜರಾತಿನ ಕಾಕ್ರಪಾರದಲ್ಲಿ ಈ ಮಾದರಿಯ ಮೊದಲ ಘಟಕ 2023ರಿಂದ ವಾಣಿಜ್ಯವಾಗಿ ಓಡುತ್ತಿದೆ. ಕರೆಂಟ್ ಇಲ್ಲದ ಊರಿನಲ್ಲಿ ಕೂತವನಿಗೆ ಕರೆಂಟ್ ಮಾಡುವ ಯಂತ್ರದ ಬಗ್ಗೆ ಓದುವುದಕ್ಕಿಂತ ದೊಡ್ಡ ಮನರಂಜನೆ ಯಾವುದಿದೆ?

"ಭಾರಜಲ ಅಂದ್ರೆ? ನಮ್ಮ ಮಳೆಗಿಂತ ಭಾರವಾ?" ಮಾವ ಕೇಳಿದರು.

ಸಾಧಾರಣ ನೀರಿಗಿಂತ ನೂರಕ್ಕೆ ಹತ್ತು ಪಾಲು ಭಾರ, ಅಷ್ಟೇ. ಅದರಲ್ಲಿರುವ ಹೈಡ್ರೋಜನ್ ಸ್ವಲ್ಪ ತೂಕದ ಜಾತಿಯದ್ದು. ಅದು ನ್ಯೂಟ್ರಾನ್‌ಗಳ, ಅಂದರೆ ಯುರೇನಿಯಂ ಒಡೆಯುವ ಕಣಗಳ, ಓಟವನ್ನು ತಗ್ಗಿಸುತ್ತದೆ, ಆದರೆ ಜಾಸ್ತಿ ನುಂಗುವುದಿಲ್ಲ. ಹಾಗಾಗಿ ಗಣಿಯಿಂದ ಬಂದ ಯುರೇನಿಯಂನಲ್ಲೇ, ಅಂದರೆ ಉರಿಯುವ ಜಾತಿ ಶೇಕಡಾ 0.7 ಮಾತ್ರ ಇರುವ ಮಾಲಿನಲ್ಲೇ, ಒಲೆ ಹತ್ತುತ್ತದೆ.

ಮಾವನಿಗೆ ನಿಜವಾಗಿ ಅರ್ಥವಾಗಿದ್ದು ಒಲೆ. ಬಚ್ಚಲಿನ ಹಂಡೆ ಒಲೆಯಿಂದ ಸೌದೆ ಎಳೆದು ಹಾಕಿದರೂ ಕೆಂಡ ಇರುತ್ತದೆ, ನೀರು ಕಾಯುತ್ತಲೇ ಇರುತ್ತದೆ, ಅಲ್ವಾ? ರಿಯಾಕ್ಟರ್ ಕೂಡ ಹಾಗೇ. 700 ಮೆಗಾವಾಟ್ ಕರೆಂಟಿಗೆ ಒಳಗೆ 2000 ಮೆಗಾವಾಟಿಗೂ ಜಾಸ್ತಿ ಶಾಖ ಹುಟ್ಟುತ್ತದೆ. ನಿಲ್ಲಿಸಿದ ಕ್ಷಣದಲ್ಲೂ ಅದರ ಶೇಕಡಾ ಆರೇಳು ಉಳಿದಿರುತ್ತದೆ. ಮರುದಿನವೂ ಪೂರ್ತಿ ಆರುವುದಿಲ್ಲ. ಹಾಗಾಗಿ ಈ ಯಂತ್ರದ ವಿನ್ಯಾಸ ಮಾಡುವವರ ತಲೆ ತಿನ್ನುವ ಪ್ರಶ್ನೆ ನಮ್ಮದೇ ಪ್ರಶ್ನೆ. ಕರೆಂಟ್ ಹೋದರೆ ಎಂತ ಮಾಡುವುದು?

ಅವರ ಉತ್ತರ ಚೆನ್ನಾಗಿದೆ. ನಿಲ್ಲಿಸಲು ಎರಡು ಬೇರೆ ಬೇರೆ ವ್ಯವಸ್ಥೆ. ಮೊದಲನೆಯದು ನ್ಯೂಟ್ರಾನ್ ನುಂಗುವ ಸರಳುಗಳು. ವಿದ್ಯುತ್ತಿನ ಹಿಡಿತದಲ್ಲಿ ಮೇಲೆ ನಿಂತಿರುತ್ತವೆ, ಕರೆಂಟ್ ಹೋದರೆ ಹಿಡಿತ ಬಿಟ್ಟು ತಾವೇ ಕೆಳಗೆ ಬೀಳುತ್ತವೆ. (ನಮ್ಮಲ್ಲಿ ಮೊದಲು ಮರ ಬೀಳುತ್ತದೆ, ಆಮೇಲೆ ಕರೆಂಟ್ ಹೋಗುತ್ತದೆ. ಅಲ್ಲಿ ಉಲ್ಟಾ.) ಎರಡನೆಯದು ಅದೇ ಕೆಲಸ ಮಾಡುವ ಗ್ಯಾಡೊಲಿನಿಯಂ ಕರಗಿಸಿದ ದ್ರಾವಣವನ್ನು ಒತ್ತಡದಿಂದ ಒಳಗೆ ನುಗ್ಗಿಸುವುದು. ಶಾಖ ತೆಗೆಯಲು ಎತ್ತರದಲ್ಲಿ ನೀರಿನ ಟ್ಯಾಂಕ್. ಆವಿ ಮೇಲೆ ಹೋಗಿ ಅಲ್ಲಿ ತಣ್ಣಗಾಗಿ ನೀರಾಗುತ್ತದೆ, ತಾನಾಗಿ ಕೆಳಗಿಳಿದು ಬರುತ್ತದೆ. ಪಂಪು ಬೇಡ, ಡೀಸೆಲ್ ಬೇಡ.

"ನಮ್ಮ ಗುಡ್ಡದ ಪೈಪಿನ ಹಾಗೆ" ಅಂದರು ಮಾವ. ಹೌದು. ಹೊಳೆಯ ಬಾಯಿಗೆ ಪೈಪು ಇಟ್ಟು ಅಡುಗೆಮನೆವರೆಗೆ ನೀರಿಳಿಸಿದ ಅಜ್ಜಂದಿರು ಇದಕ್ಕೆ ಯಾವ ಸಮಿತಿಯನ್ನೂ ಕೇಳಿರಲಿಲ್ಲ.

ಆದರೆ ಇಷ್ಟೇ ಸಾಲದು. ನಿಯಮ ಇನ್ನೊಂದು ಮಾತು ಹೇಳುತ್ತದೆ, ನನಗೆ ಬಹಳ ಇಷ್ಟವಾದ ಮಾತು. ಈ ಎರಡು ವ್ಯವಸ್ಥೆಗಳು ಒಂದಕ್ಕೊಂದು ಸಂಬಂಧ ಇಟ್ಟುಕೊಳ್ಳಬಾರದು. ಇದರ ಮಾಪಕವನ್ನು ಅದು ಬಳಸಬಾರದು, ಅದರ ವೈರು ಇದರ ಜೊತೆ ಓಡಬಾರದು. ಯಾಕೆಂದರೆ ಇಬ್ಬರೂ ಒಂದೇ ಕೊಂಬೆಯಲ್ಲಿ ಕೂತಿದ್ದರೆ ಕೊಂಬೆ ಮುರಿದಾಗ ಇಬ್ಬರೂ ಬೀಳುತ್ತಾರೆ.

ಇದು ಪುಸ್ತಕದ ಬದನೆಕಾಯಿ ಅಲ್ಲ. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾದಲ್ಲಿ ಟರ್ಬೈನಿನ ಅಲಗು ಮುರಿಯಿತು. ಜನರೇಟರನ್ನು ತಣ್ಣಗಿಡುವ ಹೈಡ್ರೋಜನ್‌ಗೆ ಬೆಂಕಿ ಹತ್ತಿತು. ಒಂದು ಕೈಕೊಟ್ಟರೆ ಇನ್ನೊಂದಿರಲಿ ಅಂತ ಹಾಕಿದ್ದ ಕೇಬಲ್‌ಗಳೆಲ್ಲ ಅಕ್ಕಪಕ್ಕದಲ್ಲೇ ಓಡುತ್ತಿದ್ದವು, ಒಟ್ಟಿಗೇ ಸುಟ್ಟವು. ಅಣುವಿದ್ಯುತ್ ಸ್ಥಾವರದಲ್ಲಿ 17 ಗಂಟೆ ಕರೆಂಟ್ ಇಲ್ಲ! ಸಿಬ್ಬಂದಿ ಟಾರ್ಚ್ ಹಿಡಿದು ಕತ್ತಲಲ್ಲಿ ರಿಯಾಕ್ಟರ್ ಕಟ್ಟಡ ಹತ್ತಿ, ಕೈಯಿಂದ ವಾಲ್ವ್ ತಿರುಗಿಸಿ, ನ್ಯೂಟ್ರಾನ್ ನುಂಗುವ ಬೋರಾನ್ ದ್ರಾವಣ ಬಿಟ್ಟರು. ಬೆಂಕಿ ಆರಿಸುವ ಡೀಸೆಲ್ ಪಂಪಿನಿಂದ ನೀರು ಕೊಟ್ಟರು. ಅವತ್ತು ಊರು ಉಳಿದದ್ದು ಟಾರ್ಚಿನಿಂದ.

ಇಲ್ಲಿಯವರೆಗೆ ಮಾವ ಗಂಭೀರವಾಗಿ ಕೇಳಿಸಿಕೊಂಡರು. ಮೆಲ್ಲನೆ ತಿರುಗಿ ತಮ್ಮ ಹೋಂಸ್ಟೇಯ ಎರಡು ಎಮರ್ಜೆನ್ಸಿ ದೀಪಗಳನ್ನು ನೋಡಿದರು. ನಾನೂ ನೋಡಿದೆ. ಎರಡೂ ಒಂದೇ ಇನ್ವರ್ಟರಿಗೆ, ಒಂದೇ ಪ್ಲಗ್ಗಿಗೆ, ಒಂದೇ ಕಪ್ಪು ಟೇಪಿನಲ್ಲಿ ಸುತ್ತಿಕೊಂಡು ನೇತಾಡುತ್ತಿದ್ದವು. "ಅಳಿಯನ ಕೆಲಸ" ಅಂದರು.

ಈಗ ಲೈಸೆನ್ಸಿನ ಕಥೆ. ರಿಯಾಕ್ಟರಿಗೆ ಮೊದಲು ಜಾಗಕ್ಕೆ ಒಪ್ಪಿಗೆ, ಆಮೇಲೆ ಕಟ್ಟಲು, ಆಮೇಲೆ ಹಂತಹಂತವಾಗಿ ಚಾಲೂ ಮಾಡಲು, ಕೊನೆಗೆ ಓಡಿಸಲು. ಮಾವನ ರೂಮುಗಳಿಗೂ ಇದೇ ನಾಲ್ಕು ಹಂತ, ಆದರೆ ಹಿಂದಿನಿಂದ. ಮೊದಲು ಗೆಸ್ಟ್ ಬಂದರು. ಆಮೇಲೆ ರೂಮಾಯಿತು. ಆಮೇಲೆ ಜೆಸಿಬಿ ಬಂದು ಹಿಂದಿನ ಬರೆ, ಅಂದರೆ ಗುಡ್ಡದ ಅಂಚು, ಕಡಿದು ಪಾರ್ಕಿಂಗ್ ಮಾಡಿತು. ಈಗ ಕಾಗದ. ಇನ್ನು ಜಾಗದ ಪರಿಶೀಲನೆಯನ್ನು ಪ್ರತಿ ಆಗಸ್ಟ್‌ನಲ್ಲಿ ಮಳೆಯೇ ಬಂದು ಮಾಡುತ್ತದೆ. ಗುಡ್ಡಗಳು ಕುಸಿದ 2018ರಲ್ಲಿ ಅದು ಯಾರ ಫೈಲನ್ನೂ ಬಾಕಿ ಇಡಲಿಲ್ಲ.

ಈ ವಿಷಯದಲ್ಲಿ ಅಣುಶಕ್ತಿಯವರು ನಮಗಿಂತ ಎಷ್ಟೋ ಮೇಲು. ತಪ್ಪಾಗಿಲ್ಲ ಅಂತಲ್ಲ. 1994ರ ಮೇ ತಿಂಗಳಲ್ಲಿ ಕೈಗಾದ ಮೊದಲ ಘಟಕದ ಗುಮ್ಮಟ ಕಟ್ಟುತ್ತಿದ್ದಾಗ ಒಳಮೈ ಕಾಂಕ್ರೀಟ್ ಕಳಚಿ ಬಿತ್ತು. ರೇಡಿಯೇಷನ್ ಹೊರಗೆ ಬರಬಾರದು ಅಂತ ಕಟ್ಟುವ ಗುಮ್ಮಟವೇ ಒಳಗೆ ಬಂತು. ಯುರೇನಿಯಂ ಇನ್ನೂ ತುಂಬಿರಲಿಲ್ಲ, ಪುಣ್ಯ. ವಿನ್ಯಾಸ ಬದಲಿಸಿ ಮತ್ತೆ ಕಟ್ಟಿದರು. ಅದೇ ಘಟಕ 2018ರ ಡಿಸೆಂಬರ್ 31ಕ್ಕೆ ಸತತ 962 ದಿನ ಓಡಿ ವಿಶ್ವದಾಖಲೆ ಮಾಡಿತು. 2020ರಲ್ಲಿ ಕೆನಡಾದ ಡಾರ್ಲಿಂಗ್ಟನ್ನಿನ ಒಂದು ಘಟಕ ಅದನ್ನು ಮುರಿದು, 2021ರ ತನಕ ಒಟ್ಟು 1106 ದಿನ ಓಡಿತು, ಅದೂ ಭಾರಜಲದ್ದೇ. 962 ದಿನ! ನಮ್ಮ ಮನೆಯಲ್ಲಿ ಸತತ 962 ನಿಮಿಷ ಕರೆಂಟ್ ಇದ್ದರೆ ಹೆಂಡತಿ ಫೋನ್ ಮಾಡಿ ತವರಿಗೆ ತಿಳಿಸುತ್ತಾಳೆ.

ಹಾಗಿದ್ದರೆ ತಮಾಷೆ ಎಲ್ಲಿದೆ? ಸಹಿಯಲ್ಲಿದೆ.

ರಿಯಾಕ್ಟರಿಗೆ ಒಪ್ಪಿಗೆ ಕೊಡುವುದು ಅಣುಶಕ್ತಿ ನಿಯಂತ್ರಣ ಮಂಡಳಿ. ಹುಟ್ಟಿದ್ದು 1983ರ ನವೆಂಬರ್‌ನಲ್ಲಿ, ಒಂದು ಸರ್ಕಾರಿ ಆದೇಶದಿಂದ. ಅಂದಿನಿಂದ ಅದು ವರದಿ ಒಪ್ಪಿಸುತ್ತ ಬಂದದ್ದು ಅಣುಶಕ್ತಿ ಆಯೋಗಕ್ಕೆ. ಆಯೋಗದ ಅಧ್ಯಕ್ಷರು ಯಾರು? ಅಣುಶಕ್ತಿ ಇಲಾಖೆಯ ಕಾರ್ಯದರ್ಶಿ. ರಿಯಾಕ್ಟರ್ ಕಟ್ಟಿ ಓಡಿಸುವ ನಿಗಮ ಯಾರ ಕೆಳಗಿದೆ? ಅದೇ ಇಲಾಖೆಯ ಕೆಳಗೆ. ಅಂದರೆ ಸರಳಿನ ವೈರೂ ದ್ರಾವಣದ ವೈರೂ ಒಂದೇ ದಾರಿಯಲ್ಲಿ ಓಡಬಾರದು ಅಂತ ಬರೆದವರ ಫೈಲೂ, ಅದನ್ನು ಪಾಲಿಸಬೇಕಾದವರ ಫೈಲೂ ಕೊನೆಗೆ ಹೋಗಿ ಸೇರುತ್ತ ಬಂದದ್ದು ಒಂದೇ ಮೇಜಿಗೆ. ನರೋರಾದ ಕೇಬಲ್‌ಗಳನ್ನು ಬೇರೆ ಮಾಡಿದರು. ಮೇಜನ್ನು ಮಾಡಲಿಲ್ಲ.

ಇದನ್ನು ಹೇಳಿದ್ದು ನನ್ನಂಥ ಕಾಫಿ ಕುಡಿದು ಮಾತಾಡುವವನು ಮಾತ್ರ ಅಲ್ಲ. 1993ರಿಂದ 1996ರವರೆಗೆ ಅದೇ ಮಂಡಳಿಯ ಅಧ್ಯಕ್ಷರಾಗಿದ್ದ ಎ. ಗೋಪಾಲಕೃಷ್ಣನ್ ಕುರ್ಚಿ ಬಿಟ್ಟ ಮೇಲೆ ವರ್ಷಗಟ್ಟಲೆ ಇದನ್ನೇ ಹೇಳಿದರು. 2012ರಲ್ಲಿ ಮಹಾಲೇಖಪಾಲರ ವರದಿಯೂ ಹೇಳಿತು. ನಿಯಮ ಮುರಿದವರಿಗೆ ಆಗ ಹಾಕಬಹುದಾಗಿದ್ದ ಗರಿಷ್ಠ ದಂಡ 500 ರೂಪಾಯಿ ಅಂತಲೂ ಅದರಿಂದಲೇ ಊರಿಗೆ ಗೊತ್ತಾಯಿತು. ಹೆಲ್ಮೆಟ್ ಇಲ್ಲದೆ ಮಡಿಕೇರಿ ಪೇಟೆಯಲ್ಲಿ ಸಿಕ್ಕಿಬಿದ್ದರೂ ಅಷ್ಟೇ. ಎರಡೂ ತಲೆ ಕಾಯುವ ವಿಷಯ ತಾನೇ, ರೇಟು ಒಂದೇ ಇರಲಿ ಅಂತ ಇಟ್ಟಿರಬೇಕು.

ಬೇರೆ ಪ್ರಾಧಿಕಾರ ಮಾಡೋಣ ಅಂತ 2011ರಲ್ಲಿ ಮಸೂದೆ ಬಂತು. ಲೋಕಸಭೆಯ ಅವಧಿ ಮುಗಿಯಿತು, ಮಸೂದೆಯೂ ಮುಗಿಯಿತು. ಕೊನೆಗೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ಪಾಸ್ ಮಾಡಿತು. ಇಂಗ್ಲಿಷ್ ಹೆಸರಿನ ಮೊದಲಕ್ಷರ ಜೋಡಿಸಿದರೆ ‘ಶಾಂತಿ’. ಮಂಡಳಿಗೆ ಕಾನೂನಿನ ಮಾನ್ಯತೆ ಸಿಕ್ಕಿತು, ಖಾಸಗಿಯವರಿಗೂ ಬಾಗಿಲು ತೆರೆಯಿತು. 42 ವರ್ಷ ಸಂಸಾರ ಮಾಡಿದ ಮೇಲೆ ಗಂಡ ಹೆಂಡತಿ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಬಂದ ಹಾಗೆ. ಅದೂ ಮನೆಗೆ ಬಾಡಿಗೆದಾರರು ಬರುತ್ತಾರೆ ಅಂತ ಗೊತ್ತಾದ ಮೇಲೆ.

"ಏನೇ ಹೇಳು, ದೊಡ್ಡ ದೊಡ್ಡ ಇಂಜಿನಿಯರುಗಳು ಎಲ್ಲ ಲೆಕ್ಕ ಹಾಕಿರ್ತಾರೆ" ಅಂದರು ಮಾವ.

ಹಾಕಿರುತ್ತಾರೆ. ಆದರೆ ನೀರಿನ ಕೂಲರ್ ಉಂಟಲ್ಲ. ಹಿಂದಿನ ದಿನ ಮದ್ದು ಸೊಪ್ಪಿನ ಪಾಯಸ ತಿಂದ ನಮ್ಮ ಊರಿಗೆ ಊರೇ ಅವತ್ತು ಬೆಳಿಗ್ಗೆ ಕೆಂಪು ಮೂತ್ರ ನೋಡಿ ಸಮಾಧಾನಪಟ್ಟಿತ್ತು. ಮದ್ದು ಮೈಗೆ ಹತ್ತಿದೆ ಅಂತ ಗೊತ್ತಾಗುವುದು ಹಾಗೆ. 2009ರ ನವೆಂಬರ್‌ನಲ್ಲಿ ಕೈಗಾದಲ್ಲೂ ಸಂಗತಿ ಗೊತ್ತಾಗಿದ್ದು ಮೂತ್ರದಿಂದಲೇ. ಮಾಮೂಲಿ ಪರೀಕ್ಷೆಯಲ್ಲಿ 50ಕ್ಕೂ ಹೆಚ್ಚು ಕೆಲಸಗಾರರ ಮೈಯಲ್ಲಿ ಟ್ರಿಟಿಯಂ, ಅಂದರೆ ರೇಡಿಯೇಷನ್ ಸೂಸುವ ಜಾತಿಯ ಹೈಡ್ರೋಜನ್, ಜಾಸ್ತಿ ಕಂಡಿತು. ಭಾರಜಲವು ರಿಯಾಕ್ಟರಿನೊಳಗೆ ಇದ್ದಷ್ಟೂ ಅದರಲ್ಲಿ ಟ್ರಿಟಿಯಂ ಕೂಡಿಕೊಳ್ಳುತ್ತದೆ. ಆ ನೀರನ್ನು ಯಾರೋ ಒಳಗಿನವರೇ ಕುಡಿಯುವ ನೀರಿನ ಕೂಲರಿಗೆ ಬೆರೆಸಿದ್ದರು. ಜೋಡಿ ಗೋಡೆ, ಸರಳು, ಗುಮ್ಮಟ ಎಲ್ಲ ದಾಟಿ ರೇಡಿಯೋಆಕ್ಟಿವ್ ನೀರು ಮನುಷ್ಯನ ಹೊಟ್ಟೆ ಸೇರಿದ್ದು ಲೋಟದಲ್ಲಿ.

ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಹೊರಗೆ ಮಳೆ ಒಂದೇ ಸಮ ಸುರಿಯುತ್ತಿತ್ತು. ಬಲ್ಬು ಒಮ್ಮೆ ಮಿಣುಕಿತು. ಇಬ್ಬರೂ ತಲೆ ಎತ್ತಿದೆವು. ಆರಿತು.

"ಅದಿರಲಿ ಮಾರಾಯ. ಇಲ್ಲೊಂದು ಸಹಿ ಬೇಕಿತ್ತು."

ಸರ್ಟಿಫಿಕೇಟಿನ ಕೊನೆಯ ಪುಟ. ಅರ್ಜಿದಾರರ ಜಾಗದಲ್ಲಿ ಮಾವನ ಸಹಿ. ಪರಿಶೀಲಿಸಿದವರ ಜಾಗದಲ್ಲಿ ಅಳಿಯನ ಸಹಿ. ಅದರ ಕೆಳಗೆ ಖಾಲಿ ಗೆರೆ: ‘ಅರ್ಜಿದಾರರಿಗೆ ಸಂಬಂಧಪಡದ ಸ್ವತಂತ್ರ ಸಾಕ್ಷಿ’.

"ನಾನು ಹೇಗೆ ಸಂಬಂಧಪಡದವನು? ನಿಮ್ಮನ್ನು ಮಾವ ಅಂತೀನಲ್ಲ" ಅಂದೆ.

"ಅದು ಬಾಯಿಮಾತಿಗೆ. ರಕ್ತಸಂಬಂಧ ಉಂಟಾ? ಇಲ್ಲ. ಮತ್ತೆ? ಸ್ವತಂತ್ರನೇ."

ಜನರೇಟರ್ ಗುಡುಗುಡು ಅನ್ನುತ್ತಿತ್ತು. ಎದ್ದು ಹೋಗಿ ಫೋನ್ ನೋಡಿದೆ. ಶೇಕಡಾ 38. ಮನೆಯಲ್ಲಿ ಹೆಂಡತಿಯ ಫೋನೂ ಸತ್ತು ಬಿದ್ದಿತ್ತು, ಸಂಜೆ ಅದನ್ನೂ ತರಬೇಕಿತ್ತು.

ಮಾವ ಕಾಗದದ ಮೇಲಿನ ತೋಟಾ ತೆಗೆದು ಪೆನ್ನು ಕೊಟ್ಟರು. ಗೆರೆಯ ಮೇಲೆ ನೀಟಾಗಿ ಸಹಿ ಮಾಡಿದೆ.